ಹತ್ತು ದ್ವೀಪ ಬೇಡ, ಒಂದು ಕ್ರೀಟ್ ಸಾಕು

ಯುರೋಪ್ ಪ್ರವಾಸದ ಬಗ್ಗೆ ಈ ಅಂಕಣದಲ್ಲಿ ಬರೆದಾಗಲೆಲ್ಲ ಓದುಗರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. ‘ಮೆಡಿಟರೇನಿಯನ್ ಕಡೆ ಹೋಗಬೇಕೆಂದಿದ್ದೇವೆ. ಮಕ್ಕಳಿಗೆ ಸಮುದ್ರ ಬೇಕು, ಮನೆಯವರಿಗೆ ಹಳೆಯ ಊರುಗಳನ್ನು ನೋಡುವ ಆಸೆ, ಅತ್ತೆ ಮಾವ ಸಸ್ಯಾಹಾರಿಗಳು. ಹತ್ತು ದಿನದಲ್ಲಿ ಎಷ್ಟು ದ್ವೀಪ ನೋಡಬಹುದು?’ ಎಲ್ಲರಿಗೂ ನಾನು ಹೇಳುವುದು ಒಂದೇ ಮಾತು. ದ್ವೀಪಗಳನ್ನು ಎಣಿಸಲು ಹೋಗಬೇಡಿ. ಕಡಲು, ಪ್ರಾಚೀನ ಅವಶೇಷ, ಒಳ್ಳೆಯ ಊಟ ಈ ಮೂರೂ ಒಂದೇ ದಿನದ ಓಡಾಟದಲ್ಲಿ ಸಿಗುವಂಥ ಒಂದು ದ್ವೀಪ ಹಿಡಿಯಿರಿ. ಯಾವುದು ಎಂದರೆ, ಗ್ರೀಸಿನ ಕ್ರೀಟ್.

ದ್ವೀಪದಿಂದ ದ್ವೀಪಕ್ಕೆ ಹಾರುವ ಪ್ರವಾಸ ನಕ್ಷೆಯ ಮೇಲೆ ಬಹಳ ಚಂದ ಕಾಣುತ್ತದೆ. ನಿಜದಲ್ಲಿ ಪ್ರತಿ ಹಾರಾಟಕ್ಕೂ ಅರ್ಧ ದಿನ ಹೋಗುತ್ತದೆ. ಬೆಳಗ್ಗೆ ಕೊಠಡಿ ಖಾಲಿ ಮಾಡಬೇಕು, ಬಂದರಿನಲ್ಲಿ ಕಾಯಬೇಕು, ಹಡಗು ಇಳಿದ ಮೇಲೆ ಮತ್ತೆ ಸಾಮಾನು ಎಳೆದುಕೊಂಡು ಹೊಸ ಕೊಠಡಿ ಹುಡುಕಬೇಕು. ಗಾಳಿ ಜೋರಾದರೆ ಗ್ರೀಸಿನ ಕರಾವಳಿ ಪಡೆ ಹಡಗುಗಳನ್ನೇ ಬಿಡುವುದಿಲ್ಲ. ಕ್ರೀಟ್‌ನಲ್ಲಿ ಈ ಪರದಾಟವಿಲ್ಲ. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 260 ಕಿಲೋಮೀಟರ್ ಉದ್ದವಿರುವ, ವಿಸ್ತೀರ್ಣದಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯಷ್ಟಿರುವ ನೆಲ ಅದು. ನಡುವೆ 2,456 ಮೀಟರ್ ಎತ್ತರದ ಸಿಲೊರಿಟಿಸ್ ಪರ್ವತ, ಪಶ್ಚಿಮಕ್ಕೆ ಬಿಳಿಬೆಟ್ಟಗಳ ಸಾಲು. ವಸಂತದಲ್ಲಿ ಕೆಳಗೆ ಕಡಲತೀರದಲ್ಲಿ ಬಿಸಿಲು ಕಾಯಿಸುವ ಹೊತ್ತಿಗೆ ಮೇಲೆ ಶಿಖರಗಳಲ್ಲಿ ಹಿಮ ಇರುತ್ತದೆ. ಒಂದು ರಜೆಯಲ್ಲಿ ಈ ದ್ವೀಪವೇ ಮುಗಿಯುವುದಿಲ್ಲ.

ಕ್ರೀಟನ್ನು ನಾನು ಇಷ್ಟು ಒತ್ತಿ ಹೇಳಲು ಇನ್ನೂ ದೊಡ್ಡ ಕಾರಣವಿದೆ. ಇಲ್ಲಿ ಕಡಲು, ಅವಶೇಷ ಮತ್ತು ಊಟ ಮೂರು ಬೇರೆ ಬೇರೆ ಆಕರ್ಷಣೆಗಳಲ್ಲ, ಒಂದೇ ಕತೆಯ ಮೂರು ಭಾಗಗಳು. ಕ್ರಿ.ಪೂ. 1900ರ ಸುಮಾರಿಗೆ ಇಲ್ಲಿ ಮಿನೋವನ್ನರೆಂಬ ಪ್ರಾಚೀನ ಜನ ಅರಮನೆಗಳನ್ನು ಕಟ್ಟತೊಡಗಿದರು. ಅವುಗಳಲ್ಲೊಂದಾದ ಕ್ನಾಸೋಸ್ ಅರಮನೆಯ ಪಶ್ಚಿಮ ಭಾಗದಲ್ಲಿ ಉದ್ದನೆಯ ಉಗ್ರಾಣಗಳ ಸಾಲೇ ಇದೆ. ಆಳೆತ್ತರದ ಮಣ್ಣಿನ ಹರವಿಗಳು ಅಲ್ಲಿ ಇಂದಿಗೂ ನಿಂತಿವೆ. ಅವುಗಳಲ್ಲಿ ತುಂಬಿಡುತ್ತಿದ್ದುದು ಆಲಿವ್ ಎಣ್ಣೆ, ಧಾನ್ಯ, ದ್ರಾಕ್ಷಾರಸ. ಹೆಚ್ಚಾದದ್ದು ಹಡಗು ಹತ್ತಿ ಈಜಿಪ್ಟಿನ ಕಡೆಗೂ ಸಿರಿಯಾದ ಕಡೆಗೂ ಹೋಗುತ್ತಿತ್ತು. ಅರಮನೆಯಲ್ಲಿ ಸಿಕ್ಕ ಜೇಡಿಮಣ್ಣಿನ ಫಲಕಗಳ ಲಿಪಿಯನ್ನು 1952ರಲ್ಲಿ ಮೈಕೆಲ್ ವೆಂಟ್ರಿಸ್ ಎಂಬ ವಾಸ್ತುಶಿಲ್ಪಿ ಬಿಡಿಸಿದಾಗ ಅದು ಗ್ರೀಕ್ ಭಾಷೆಯ ಬಹಳ ಹಳೆಯ ರೂಪವೆಂದು ತಿಳಿಯಿತು. ಓದಿ ನೋಡಿದರೆ ರಾಜರ ಹೊಗಳಿಕೆ ಇರಲಿಲ್ಲ. ಕುರಿ, ಉಣ್ಣೆ, ಎಣ್ಣೆ, ಜೇನಿನ ಲೆಕ್ಕ ಇತ್ತು. ಒಂದು ಫಲಕದಲ್ಲಿ ಎಲ್ಲ ದೇವತೆಗಳಿಗೆ ಸೇರಿ ಒಂದು ಜಾಡಿ ಜೇನು, ಚಕ್ರವ್ಯೂಹದ ಒಡತಿಯೊಬ್ಬಳಿಗೇ ಒಂದು ಜಾಡಿ ಜೇನು ಎಂದು ಬರೆದಿಟ್ಟಿದ್ದಾರೆ. ಬೆಳಗ್ಗೆ ಆ ಹರವಿಗಳನ್ನು ನೋಡಿದವರಿಗೆ ಮಧ್ಯಾಹ್ನ ತಟ್ಟೆಯಲ್ಲಿ ಬರುವ ಎಣ್ಣೆ, ಗಿಣ್ಣು, ಜೇನುತುಪ್ಪ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ.

ಅದಕ್ಕೇ ನಾನು ಹೇಳುವ ಯೋಜನೆಯೂ ಸರಳ: ದಿನಕ್ಕೊಂದು ಹಳೆಯ ಊರು, ಒಂದು ಕಡಲತೀರ, ಒಂದು ನೆಮ್ಮದಿಯ ಊಟ. ಬೆಳಗ್ಗೆ ಎಂಟಕ್ಕೆ ಅವಶೇಷಗಳ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬೇಕು. ಹನ್ನೊಂದೂವರೆ ಹೊತ್ತಿಗೆ ಹೊರಬೀಳಬೇಕು. ಮಧ್ಯಾಹ್ನ ಊಟ, ನೆರಳು, ವಿಶ್ರಾಂತಿ. ನಾಲ್ಕರ ಮೇಲೆ ಸಮುದ್ರ. ರಾತ್ರಿ ಊಟಕ್ಕೆ ಅಲ್ಲಿಯ ಜನ ಹೊರಡುವುದೇ ಎಂಟೂವರೆ, ಒಂಬತ್ತರ ಮೇಲೆ. ನಾವೂ ಹಾಗೇ ಹೊರಟರೆ ಸರಿಹೋಗುತ್ತದೆ. ಈ ಕ್ರಮವನ್ನು ತಿರುಗಿಸಿ, ಬೆಳಗ್ಗೆ ಈಜಿ ಮಧ್ಯಾಹ್ನ ಅರಮನೆ ನೋಡುತ್ತೇನೆಂದರೆ ಮಕ್ಕಳು ಅಳುತ್ತಾರೆ, ಹಿರಿಯರು ಕಲ್ಲಿನ ಮೇಲೆ ಕುಳಿತುಬಿಡುತ್ತಾರೆ. ಬೇಸಿಗೆಯಲ್ಲಿ ಉಷ್ಣಗಾಳಿ ಬೀಸುವ ದಿನಗಳಲ್ಲಿ ಗ್ರೀಸ್ ಸರ್ಕಾರವೇ ಪ್ರಾಚೀನ ತಾಣಗಳನ್ನು ನಡುಹಗಲು ಮುಚ್ಚಿಸುವುದುಂಟು.

ಯಾವಾಗ ಹೋಗುವುದು ಎಂಬುದಕ್ಕೂ ನಮ್ಮವರಿಗೆ ಅನುಕೂಲವಾದ ಉತ್ತರವಿದೆ. ಜುಲೈ, ಆಗಸ್ಟ್ ಬೇಡ. ಬಿಸಿಲು, ಜನಜಂಗುಳಿ, ಬಾಡಿಗೆ ಮೂರೂ ಆಗ ತಾರಕದಲ್ಲಿರುತ್ತವೆ. ನಮ್ಮ ಬೇಸಿಗೆ ರಜೆಯ ಏಪ್ರಿಲ್‌ನಲ್ಲಿ ದ್ವೀಪದ ತುಂಬ ಕಾಡುಹೂ ಅರಳಿರುತ್ತದೆ, ಅವಶೇಷಗಳ ನಡುವೆ ಹಾಯಾಗಿ ನಡೆಯಬಹುದು. ಆದರೆ ಸಮುದ್ರದ ನೀರು ಇನ್ನೂ ತಣ್ಣಗಿರುತ್ತದೆ. ಮೇ ಕೊನೆಯ ಹೊತ್ತಿಗೆ ನೀರೂ ಪರವಾಗಿಲ್ಲ ಎನ್ನುವಂತಾಗುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ದಸರಾ ರಜೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ, ಇಡೀ ಬೇಸಿಗೆ ಕಾದ ಸಮುದ್ರ ತನ್ನ ಬಿಸುಪನ್ನು ಇನ್ನೂ ಬಿಟ್ಟಿರುವುದಿಲ್ಲ. ಬಿಸಿಲು ಇಳಿದಿರುತ್ತದೆ. ಯುರೋಪಿನ ಶಾಲೆಗಳು ಶುರುವಾಗಿರುವುದರಿಂದ ಜನವೂ ಕಡಿಮೆ. ಮಳೆ ಬರುವುದಿದ್ದರೆ ಅಕ್ಟೋಬರ್ ಕೊನೆಯ ಕಡೆಗೆ.

ತಂಗಲು ಎರಡು ಊರು ಸಾಕು: ನಡುಭಾಗದ ಹೆರಾಕ್ಲಿಯೋನ್, ಪಶ್ಚಿಮದ ಹನ್ಯಾ. ಎರಡರಲ್ಲೂ ವಿಮಾನ ನಿಲ್ದಾಣವಿದೆ. ಒಂದಕ್ಕೆ ಇಳಿದು ಇನ್ನೊಂದರಿಂದ ಹೊರಡುವಂತೆ ಟಿಕೆಟ್ ಮಾಡಿಸಿದರೆ ಬಂದ ದಾರಿಯಲ್ಲೇ ಹಿಂದಿರುಗುವ ಕೆಲಸ ತಪ್ಪುತ್ತದೆ. ಅಥೆನ್ಸಿನಿಂದ ವಿಮಾನದಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ. ಪಿರೇಯಸ್ ಬಂದರಿನಿಂದ ರಾತ್ರಿ ಹೊರಡುವ ದೊಡ್ಡ ಹಡಗುಗಳೂ ಇವೆ. ಕ್ಯಾಬಿನ್ ತೆಗೆದುಕೊಂಡು ಮಲಗಿದರೆ ಬೆಳಗ್ಗೆ ಕ್ರೀಟ್‌ನಲ್ಲಿ ಕಣ್ಣು ಬಿಡಬಹುದು, ಒಂದು ರಾತ್ರಿಯ ಹೋಟೆಲ್ ಖರ್ಚೂ ಉಳಿಯುತ್ತದೆ.

ಹೆರಾಕ್ಲಿಯೋನಿನಿಂದ ಕ್ನಾಸೋಸ್ ಬರೀ ಐದು ಕಿಲೋಮೀಟರ್. ಮಿನೋಸ್ ಕಲೊಕೈರಿನೋಸ್ ಎಂಬ ಸ್ಥಳೀಯ ವ್ಯಾಪಾರಿ 1878ರಲ್ಲಿ ಇಲ್ಲಿ ಮೊದಲು ಅಗೆದ. 1900ರಲ್ಲಿ ಬ್ರಿಟನ್ನಿನ ಆರ್ಥರ್ ಇವಾನ್ಸ್ ದೊಡ್ಡ ಪ್ರಮಾಣದ ಉತ್ಖನನ ಶುರುಮಾಡಿದ. ಕೆಳಗೆ ಸಣ್ಣ, ಮೇಲೆ ದಪ್ಪ ಇರುವ ಆ ಪ್ರಸಿದ್ಧ ಕೆಂಪು ಕಂಬಗಳನ್ನು ನೋಡಿ ನಾಲ್ಕು ಸಾವಿರ ವರ್ಷದ ಕೆಲಸ ಎಂದುಕೊಳ್ಳಬಾರದು. ಅವು ಇವಾನ್ಸ್ ಕಾಲದಲ್ಲಿ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದವು. ಗೋಡೆಯ ಚಿತ್ರಗಳೂ ನಕಲು, ಮೂಲ ತುಣುಕುಗಳು ಹೆರಾಕ್ಲಿಯೋನ್ ವಸ್ತುಸಂಗ್ರಹಾಲಯದಲ್ಲಿವೆ. ಅರಮನೆಯ ಅತಿ ಪ್ರಸಿದ್ಧ ಚಿತ್ರವಾದ ‘ಲಿಲ್ಲಿ ಹೂಗಳ ರಾಜಕುಮಾರ’ ಬೇರೆ ಬೇರೆ ಆಕೃತಿಗಳ ಚೂರುಗಳನ್ನು ಸೇರಿಸಿ ಮಾಡಿದ್ದಿರಬಹುದು ಎಂದು ವಿದ್ವಾಂಸರು ಹೇಳುತ್ತಾರೆ. ಇವಾನ್ಸ್ ಮಾಡಿದ್ದು ಅತಿಯಾಯಿತು ಎಂಬ ಟೀಕೆ ನನಗೂ ಸರಿಯೆನಿಸುತ್ತದೆ. ಆದರೂ ಮಕ್ಕಳ ಜೊತೆ ಹೋದವರು ಅವನಿಗೆ ಕೃತಜ್ಞರಾಗಿರಬೇಕು. ಮಹಡಿ ಮೇಲೆ ಮಹಡಿ, ಬೆಳಕು ಇಳಿಯಲೆಂದು ಬಿಟ್ಟ ತೊಟ್ಟಿ, ಮಣ್ಣಿನ ಕೊಳವೆಗಳ ನೀರಿನ ವ್ಯವಸ್ಥೆ ಇವೆಲ್ಲ ಬರೀ ಅಡಿಪಾಯ ನೋಡಿದರೆ ಕಣ್ಣಿಗೆ ಕಟ್ಟುವುದಿಲ್ಲ. ಟಿಕೆಟನ್ನು ಗ್ರೀಸ್ ಸಂಸ್ಕೃತಿ ಸಚಿವಾಲಯದ ಅಧಿಕೃತ ಜಾಲತಾಣದಲ್ಲಿ ಮೊದಲೇ ಕೊಂಡರೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ಅದೇ ದಿನ ಮಧ್ಯಾಹ್ನ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಒಳಗೆ ತಂಪು, ಬೆಳಗ್ಗೆ ಕಂಡದ್ದೆಲ್ಲ ಅಲ್ಲಿ ಅರ್ಥ ಪಡೆಯುತ್ತದೆ. ಗೂಳಿಯ ಬೆನ್ನ ಮೇಲಿಂದ ಲಾಗ ಹಾಕುವ ಯುವಕನ ಚಿತ್ರ, ಎರಡೂ ಕೈಯಲ್ಲಿ ಹಾವು ಹಿಡಿದ ದೇವಿ, 1908ರಲ್ಲಿ ಫೈಸ್ಟೋಸ್‌ನಲ್ಲಿ ಸಿಕ್ಕ, ಸುರುಳಿಯಾಗಿ ಅಚ್ಚೊತ್ತಿದ, ಇಂದಿಗೂ ಯಾರೂ ಓದಲಾಗದ ಮಣ್ಣಿನ ಬಿಲ್ಲೆ ಇವನ್ನು ನೋಡಲು ಎಲ್ಲರೂ ಮುಗಿಬೀಳುತ್ತಾರೆ. ನಾನು ಬಹಳ ಹೊತ್ತು ನಿಂತದ್ದು ಮಾಲಿಯಾದಲ್ಲಿ ಸಿಕ್ಕ ಪುಟ್ಟ ಚಿನ್ನದ ಪದಕದ ಮುಂದೆ. ಎರಡು ಜೇನುಹುಳುಗಳು ಒಂದು ಹನಿ ಜೇನನ್ನು ನಡುವೆ ಹಿಡಿದಿವೆ. ಇಷ್ಟು ಸೂಕ್ಷ್ಮ ಕೆಲಸ ಮಾಡಿದ ಅಕ್ಕಸಾಲಿಗನ ಊರಿನಲ್ಲಿ ಜೇನಿಗೆ ಎಷ್ಟು ಬೆಲೆ ಇದ್ದಿರಬೇಕು ಎಂದು ಅನ್ನಿಸದೆ ಇರದು. 2025ರಲ್ಲಿ ಕ್ನಾಸೋಸ್, ಫೈಸ್ಟೋಸ್, ಮಾಲಿಯಾ ಸೇರಿದಂತೆ ಆರು ಮಿನೋವನ್ ಅರಮನೆ ಕೇಂದ್ರಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು.

ಇಡೀ ಪ್ರವಾಸದಲ್ಲಿ ಒಂದೇ ದಿನ ಕೊಡುತ್ತೇನೆಂದರೆ ನಾನು ಆರಿಸುವುದು ದಕ್ಷಿಣದ ಮೆಸ್ಸಾರಾ ಬಯಲಿನ ದಿನ. ಹೆರಾಕ್ಲಿಯೋನಿನಿಂದ ಬೆಟ್ಟ ದಾಟಿ ಇಳಿದರೆ ಕಣ್ಣು ಹಾಯುವಷ್ಟು ದೂರ ಆಲಿವ್ ತೋಟ. ಮೊದಲು ಗೋರ್ಟಿನ್. ರೋಮನ್ನರ ಕಾಲದಲ್ಲಿ ಪ್ರಾಂತ್ಯದ ರಾಜಧಾನಿಯಾಗಿದ್ದ ಊರು. ಅಲ್ಲಿ ಕ್ರಿ.ಪೂ. 5ನೇ ಶತಮಾನದ ಕಾನೂನುಗಳನ್ನು ಕಲ್ಲಿನ ಗೋಡೆಯ ಮೇಲೆ ಸುಮಾರು ಆರುನೂರು ಸಾಲುಗಳಲ್ಲಿ ಕೊರೆದಿದ್ದಾರೆ. ಒಂದು ಸಾಲು ಬಲದಿಂದ ಎಡಕ್ಕೆ, ಮುಂದಿನದು ಎಡದಿಂದ ಬಲಕ್ಕೆ, ಉಳುವ ಎತ್ತು ಸಾಲಿನ ಕೊನೆಯಲ್ಲಿ ತಿರುಗುವ ಕ್ರಮ. ವಿಚ್ಛೇದನವಾದರೆ ಹೆಂಡತಿಗೆ ಏನು ಸಲ್ಲಬೇಕು, ಮಗಳಿಗೆ ಆಸ್ತಿಯಲ್ಲಿ ಎಷ್ಟು ಪಾಲು, ದತ್ತು ತೆಗೆದುಕೊಳ್ಳುವುದು ಹೇಗೆ ಎಲ್ಲವೂ ಅದರಲ್ಲಿದೆ. ಅಲ್ಲಿಂದ ಫೈಸ್ಟೋಸ್. ಗುಡ್ಡದ ಮೇಲಿನ ಈ ಅರಮನೆಯಲ್ಲಿ ಕಾಂಕ್ರೀಟ್ ಕಂಬಗಳಿಲ್ಲ, ಬಣ್ಣವಿಲ್ಲ. ಅಗಲವಾದ ಮೆಟ್ಟಿಲು, ಕಲ್ಲು ಹಾಸಿದ ಅಂಗಳ, ಎದುರಿಗೆ ಸಿಲೊರಿಟಿಸ್. ಕ್ನಾಸೋಸ್ ಕಂಡವರಿಗೆ ಇಲ್ಲಿ ಮಿಕ್ಕದ್ದನ್ನು ಮನಸ್ಸೇ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಮೊದಲು ಕ್ನಾಸೋಸ್, ಆಮೇಲೆ ಫೈಸ್ಟೋಸ್ ಎಂಬ ಕ್ರಮ ತಪ್ಪಿಸಬೇಡಿ.

ಫೈಸ್ಟೋಸ್ ಅರಮನೆಗೆ ಬಂದರು ಆಗಿದ್ದ ಊರು ಕೊಮ್ಮೋಸ್. ಅದರ ಅವಶೇಷಗಳು ಕಡಲತೀರದ ಬೇಲಿಯಾಚೆಯಿಂದಲೇ ಕಾಣುತ್ತವೆ. ಬೇಲಿಯ ಈಚೆಗೆ ಉದ್ದನೆಯ ಮರಳ ದಂಡೆ, ಲಿಬಿಯನ್ ಸಮುದ್ರ. ಮಿನೋವನ್ನರ ಹಡಗು ನಿಂತ ಜಾಗದ ಪಕ್ಕದಲ್ಲೇ ಸಂಜೆ ಈಜಬಹುದು. ಇಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಗೂಡಿಗೆ ಹಾಕಿದ ಚೌಕಟ್ಟುಗಳ ಹತ್ತಿರ ಕೊಡೆ ನೆಡಬಾರದು, ಕತ್ತಲಾದ ಮೇಲೆ ದೀಪ ಹಿಡಿದು ಓಡಾಡಬಾರದು. ತುಸು ದೂರದಲ್ಲೇ ಮಟಾಲಾ. ಬಂಡೆಯಲ್ಲಿ ಕೊರೆದ ಹಳೆಯ ಸಮಾಧಿ ಗುಹೆಗಳಲ್ಲಿ 1960ರ ದಶಕದಲ್ಲಿ ಹಿಪ್ಪಿಗಳು ಬಂದು ವಾಸವಿದ್ದರು. ಒಂದೇ ದಿನದ ಓಡಾಟದಲ್ಲಿ ಮೂರೂವರೆ ಸಾವಿರ ವರ್ಷ ದಾಟಿ ಬಂದಂತಾಗುತ್ತದೆ.

ಪಶ್ಚಿಮಕ್ಕೆ ಹನ್ಯಾ ಸೇರಿದ ಮೇಲೆ ಸಮುದ್ರಕ್ಕೆ ಹೆಚ್ಚು ಸಮಯ ಕೊಡಿ. ಇಲ್ಲಿಯ ಹಳೆಯ ಬಂದರು ವೆನಿಸ್ ಆಳ್ವಿಕೆಯ ಕಾಲದ್ದು, ಆಮೇಲೆ ಬಂದ ಆಟೋಮನ್ ತುರ್ಕರ ಮಸೀದಿಯೂ ನೀರಿನ ಅಂಚಿನಲ್ಲೇ ಇದೆ. ಗುಲಾಬಿ ಛಾಯೆಯ ಮರಳಿನ ಎಲಾಫೊನೀಸಿಯನ್ನು ಎಲ್ಲರೂ ಕೇಳುತ್ತಾರೆ. ಕಡಲ ಸೂಕ್ಷ್ಮಜೀವಿಗಳ ಚಿಪ್ಪಿನ ಪುಡಿಯಿಂದ ಆ ಬಣ್ಣ ಬರುತ್ತದೆ. ಅದು ಸಂರಕ್ಷಿತ ತಾಣವಾದ್ದರಿಂದ ಒಂದು ಹಿಡಿ ಮರಳನ್ನೂ ತರುವಂತಿಲ್ಲ. ಬೆಳಗ್ಗೆ ಬೇಗ ಹೋದರೆ ಚಂದ, ಹನ್ನೊಂದರ ಮೇಲೆ ಬಸ್ಸುಗಳ ಸಾಲು. ನನಗೆ ಅದಕ್ಕಿಂತ ಮೆಚ್ಚುಗೆಯಾದದ್ದು ಫಲಸರ್ನಾ. ಕ್ರಿ.ಶ. 365ರ ಮಹಾ ಭೂಕಂಪದಲ್ಲಿ ಕ್ರೀಟ್‌ನ ಪಶ್ಚಿಮದ ತುದಿ ಮೇಲಕ್ಕೆದ್ದಿತು. ಕೆಲವೆಡೆ ಒಂಬತ್ತು ಮೀಟರ್‌ವರೆಗೆ ನೆಲ ಏರಿತು. ಪ್ರಾಚೀನ ಫಲಸರ್ನಾದ ಬಂದರು ಈಗ ಒಣನೆಲದಲ್ಲಿದೆ. ಹಡಗು ನಿಲ್ಲುತ್ತಿದ್ದ ಕಟ್ಟೆಯ ಪಕ್ಕದಲ್ಲಿ ನಡೆದು, ಭೂಮಿ ಹೀಗೂ ಏಳುತ್ತದೆಯೇ ಎಂದು ಬೆರಗಾಗಿ, ಹತ್ತಿರದ ಮರಳ ದಂಡೆಗೆ ಇಳಿದು ಸೂರ್ಯಾಸ್ತದವರೆಗೆ ಈಜಬಹುದು. ಕಾಲಿಗೆ ಕಸುವಿರುವವರು 16 ಕಿಲೋಮೀಟರ್ ಉದ್ದದ ಸಮಾರಿಯಾ ಕಣಿವೆಯಲ್ಲಿ ಒಂದು ದಿನ ಇಳಿಯಬಹುದು. ಹೆಚ್ಚುಕಡಿಮೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಾತ್ರ ಅದು ತೆರೆದಿರುತ್ತದೆ. ಮಂಡಿ ನೋವಿರುವವರು ಅದರ ಗೊಡವೆಗೆ ಹೋಗುವುದು ಬೇಡ. ಇಡೀ ದಾರಿ ಕಲ್ಲಿನ ಇಳಿಜಾರು, ನಡುವೆ ವಾಹನವಿಲ್ಲ.

ಈಗ ಊಟದ ಮಾತು. ಸಸ್ಯಾಹಾರಿಗಳು ಯುರೋಪಿಗೆ ಹೊರಡುವಾಗ ಪೆಟ್ಟಿಗೆಯಲ್ಲಿ ಅರ್ಧ ಭಾಗ ಅವಲಕ್ಕಿ, ಚಟ್ನಿಪುಡಿ ತುಂಬಿಕೊಳ್ಳುವುದನ್ನು ಕಂಡಿದ್ದೇನೆ. ಕ್ರೀಟ್‌ಗೆ ಅದರ ಅಗತ್ಯವಿಲ್ಲ. ಗ್ರೀಸಿನ ಆರ್ಥೊಡಾಕ್ಸ್ ಕ್ರೈಸ್ತರಲ್ಲಿ ಉಪವಾಸದ ದಿನಗಳು ಬಹಳ. ಬುಧವಾರ, ಶುಕ್ರವಾರ, ಈಸ್ಟರ್‌ಗೆ ಮುಂಚಿನ ವಾರಗಳು, ಕ್ರಿಸ್‌ಮಸ್‌ಗೆ ಮುಂಚಿನ ದಿನಗಳು ಎಲ್ಲ ಸೇರಿಸಿದರೆ ವರ್ಷದಲ್ಲಿ ಅರ್ಧದ ಹತ್ತಿರ ಬರುತ್ತದೆ. ಆ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ನಿಷಿದ್ಧ. ಹೀಗಾಗಿ ತರಕಾರಿ, ಕಾಳು, ಸೊಪ್ಪಿನ ಅಡುಗೆ ಅಲ್ಲಿ ತಲೆತಲಾಂತರದಿಂದ ಬೆಳೆದು ಬಂದಿದೆ. ಮೆಸ್ಸಾರಾದ ಒಂದು ಹಳ್ಳಿಯ ಟವೆರ್ನಾದಲ್ಲಿ ನಾವು ಮಾಂಸ ತಿನ್ನುವುದಿಲ್ಲ ಎಂದಾಗ ಮನೆಯೊಡತಿ ನಮ್ಮನ್ನು ಅಡುಗೆಮನೆಗೇ ಕರೆದು ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದರು. ಟೊಮೆಟೊ ಹಾಕಿ ಆಲಿವ್ ಎಣ್ಣೆಯಲ್ಲಿ ಬೇಯಿಸಿದ ಬೆಂಡೆಕಾಯಿ, ಅಕ್ಕಿ ತುಂಬಿದ ದೊಣ್ಣೆಮೆಣಸಿನಕಾಯಿ, ದಪ್ಪ ಬಿಳಿ ಅವರೆಯ ಪಲ್ಯದಂಥದ್ದು, ನಿಂಬೆರಸ ಹಿಂಡಿದ ಬೆಟ್ಟದ ಸೊಪ್ಪು. ಬೆರಳು ತೋರಿಸಿದ್ದೆಲ್ಲ ಮೇಜಿಗೆ ಬಂತು.

ಕ್ರೀಟ್‌ನಲ್ಲಿ ತಿನ್ನಲೇಬೇಕಾದ್ದು ಡಾಕೊಸ್. ಗಟ್ಟಿ ಬಾರ್ಲಿ ರಸ್ಕಿನ ಮೇಲೆ ತುರಿದ ಹಣ್ಣು ಟೊಮೆಟೊ, ಮಿಜಿಥ್ರಾ ಎಂಬ ಮೆದು ಗಿಣ್ಣು, ಒರೆಗಾನೊ, ಧಾರಾಳವಾಗಿ ಆಲಿವ್ ಎಣ್ಣೆ. ರಸ ಹೀರಿಕೊಂಡು ರಸ್ಕು ಮೆತ್ತಗಾಗುವವರೆಗೆ ಎರಡು ನಿಮಿಷ ಕಾದು ತಿನ್ನಬೇಕು. ಗಿಣ್ಣು ತುಂಬಿದ ಕಲಿಟ್ಸೂನ್ಯಾ, ಜೇನು ಸುರಿದ ಸ್ಫಾಕಿಯಾದ ರೊಟ್ಟಿ ಮಕ್ಕಳಿಗೆ ಇಷ್ಟವಾಗುತ್ತದೆ. ಮಾಂಸ, ಮೀನು ತಿನ್ನುವವರಿಗೆ ಬೆಟ್ಟದ ಕುರಿಮರಿ, ಕೆಂಡದ ಮೇಲೆ ಸುಟ್ಟ ಆಕ್ಟೋಪಸ್, ರೋಸ್‌ಮರಿ ಹಾಕಿ ಹುರಿದ ಬಸವನಹುಳು ಇವೆ. ಊಟದ ಕೊನೆಗೆ ಕೇಳದೆಯೇ ಹಣ್ಣೋ ಸಿಹಿಯೋ ಒಂದು ಪುಟ್ಟ ಶೀಶೆ ರಾಕಿಯೊಡನೆ ಬರುತ್ತದೆ. ಅದು ಮನೆಯವರ ಉಪಚಾರ, ಬಿಲ್ಲಿಗೆ ಸೇರುವುದಿಲ್ಲ. ಮದ್ಯ ಬೇಡದವರು ನಗುತ್ತ ಬೇಡವೆಂದರೆ ಯಾರೂ ಬೇಸರಿಸುವುದಿಲ್ಲ.

ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಎರಡು ಎಚ್ಚರಿಕೆ. ಉಪವಾಸದ ಅಡುಗೆಯಲ್ಲಿ ಸಿಗಡಿ, ಕಪ್ಪೆಚಿಪ್ಪು, ಸ್ಕ್ವಿಡ್‌ಗೆ ಅವಕಾಶವಿದೆ. ಆದ್ದರಿಂದ ಉಪವಾಸದ ಊಟ ಎಂದ ಮಾತ್ರಕ್ಕೆ ಒಪ್ಪಿಕೊಳ್ಳದೆ, ಮಾಂಸವೂ ಬೇಡ, ಮೀನೂ ಬೇಡ, ಸಮುದ್ರದ್ದು ಯಾವುದೂ ಬೇಡ ಎಂದು ಬಿಡಿಸಿ ಹೇಳಬೇಕು. ಗ್ರಾವಿಯೆರಾದಂಥ ಗಟ್ಟಿ ಗಿಣ್ಣುಗಳಲ್ಲಿ ಹಾಲು ಒಡೆಸಲು ಸಾಂಪ್ರದಾಯಿಕವಾಗಿ ಕರು, ಕುರಿಮರಿಗಳ ಹೊಟ್ಟೆಯ ಹೆಪ್ಪು ಬಳಸುತ್ತಾರೆ. ಅದು ಬೇಡದವರು ಕೇಳಿ ತಿಳಿದುಕೊಳ್ಳಬೇಕು. ಇನ್ನು ಕ್ರೀಟ್ ಊಟ ಉಂಡರೆ ಹೃದಯರೋಗ ಬರುವುದಿಲ್ಲ ಎಂಬ ಮಾತು. 1950ರ ದಶಕದ ಕೊನೆಗೆ ಆನ್ಸೆಲ್ ಕೀಸ್ ಮುಂದಾಳತ್ವದಲ್ಲಿ ಶುರುವಾದ ಏಳು ದೇಶಗಳ ಅಧ್ಯಯನದಲ್ಲಿ ಹೃದಯರೋಗದ ಸಾವು ಅತಿ ಕಡಿಮೆ ಇದ್ದದ್ದು ಕ್ರೀಟ್‌ನ ಹಳ್ಳಿಗಳಲ್ಲಿ, ಅದು ನಿಜ. ಆದರೆ ಆ ಜನ ದಿನವಿಡೀ ಹೊಲದಲ್ಲಿ ದುಡಿಯುತ್ತಿದ್ದ ರೈತರು. ಎಣ್ಣೆಯೊಂದನ್ನೇ ಹಿಡಿದು ಅವರ ನಡಿಗೆಯನ್ನು ಬಿಟ್ಟರೆ ಆ ಪಾಠ ಅರ್ಧವೇ.

ಓಡಾಡಲು ಕಾರು ಬಾಡಿಗೆಗೆ ಪಡೆಯುವುದು ಒಳ್ಳೆಯದು, ಅದಕ್ಕೆ ಹೊರಡುವ ಮೊದಲೇ ಆರ್‌ಟಿಓ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಅಲ್ಲಿ ವಾಹನ ಬಲಕ್ಕೆ ಚಲಿಸಬೇಕು, ಬೆಟ್ಟದ ತಿರುವುಗಳು ಕಡಿದು, ಮೇಕೆಗಳು ಅಡ್ಡ ಬರುತ್ತವೆ. ಬಾಲೋಸ್ ಕಡಲತೀರಕ್ಕೆ ಹೋಗುವಂಥ ಮಣ್ಣುರಸ್ತೆಗಳಲ್ಲಿ ಕಾರು ಹಾಳಾದರೆ ಹಲವು ಬಾಡಿಗೆ ಕರಾರುಗಳ ವಿಮೆ ಅನ್ವಯಿಸುವುದಿಲ್ಲ. ಅಲ್ಲಿಗೆ ಕಿಸ್ಸಾಮೊಸ್‌ನಿಂದ ದೋಣಿಯಲ್ಲಿ ಹೋಗುವುದೇ ಲೇಸು. ಕಾರು ಬೇಡವೆಂದರೆ ಕೆಟೆಲ್ ಬಸ್ಸುಗಳು ದೊಡ್ಡ ಊರುಗಳ ನಡುವೆ ಚೆನ್ನಾಗಿ ಓಡುತ್ತವೆ. ಬೇಸಿಗೆಯಲ್ಲಿ ಮೆಲ್ಟೆಮಿ ಎಂಬ ಉತ್ತರದ ಗಾಳಿ ಬೀಸಿದಾಗ ಉತ್ತರ ತೀರದಲ್ಲಿ ಅಲೆ ಏಳುತ್ತದೆ. ಕೆಂಪು ಬಾವುಟ ಹಾರುತ್ತಿದ್ದರೆ ಈಜು ಬಲ್ಲವರೂ ನೀರಿಗಿಳಿಯಬಾರದು. ಅಂಥ ದಿನ ಅವಶೇಷಗಳಿಗೆ ಹೆಚ್ಚು ಹೊತ್ತು ಕೊಡಿ.

ಸ್ಯಾಂಟೊರಿನಿಯನ್ನು ಬಿಟ್ಟುಬಿಡುವುದೇ ಎಂದು ಕೇಳುವವರೂ ಇದ್ದಾರೆ. ಬಿಟ್ಟುಬಿಡಿ. ಅದನ್ನು ಬಿಳಿ ಮನೆಗಳ ಫೋಟೊಗಾಗಿ ಒಂದು ಮಧ್ಯಾಹ್ನ ಮುಟ್ಟಿ ಬರುವ ಬದಲು ಇನ್ನೊಂದು ಪ್ರವಾಸದಲ್ಲಿ ನಿಧಾನವಾಗಿ ನೋಡಿ. ಕ್ರೀಟ್‌ಗೆ ದಸರಾ ರಜೆಯಲ್ಲಿ ಹೋಗುವವರು ಜೂನ್ ಹೊತ್ತಿಗೇ ಷೆಂಗೆನ್ ವೀಸಾದ ಕೆಲಸ ಶುರುಮಾಡಬೇಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲಾದರೂ ಹಾಕಿರಲೇಬೇಕು. ವಯಸ್ಕರಿಗೆ ಶುಲ್ಕ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವೈದ್ಯಕೀಯ ವಿಮೆ ಕಡ್ಡಾಯ. ವೀಸಾ ಕೈಗೆ ಬರುವವರೆಗೆ ಹಣ ವಾಪಸ್ ಬಾರದ ಹೋಟೆಲ್ ಕಾದಿರಿಸಬೇಡಿ.